ಎರಡು ಕೋಣೆಗೆ ಎರಡು ಮಾತು

ನಾನು ಕುಸ್ತಿ ಆಡಿದವನಲ್ಲ. ಹೈಸ್ಕೂಲು ಮುಗಿಸಿ ರಾಯಚೂರು ಕಡೆಯಿಂದ ಹೈದರಾಬಾದಿಗೆ ಬಂದು, ಬಾಲಾನಗರದ ಒಂದು ಸಣ್ಣ ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ಸ್ಟೋರಿನ ಗುಮಾಸ್ತನಾಗಿದ್ದವನು. ವಾರದಲ್ಲಿ ಆರು ದಿನ ನಟ್ಟು, ಬೋಲ್ಟು, ಬೇರಿಂಗು ಎಣಿಸಿ ಕೊಡುವುದು. ಭಾನುವಾರ ಮಾತ್ರ ಬಿಳಿ ಪ್ಯಾಂಟು ತೊಟ್ಟು, ಕೊರಳಿಗೆ ಸೀಟಿ ನೇತುಹಾಕಿಕೊಂಡು, ಬೇಗಂಪೇಟೆ ಹತ್ತಿರ ತಗಡಿನ ಬೇಲಿ ಹಾಕಿದ ಮೈದಾನದಲ್ಲಿ ಫ್ರೀಸ್ಟೈಲ್ ಕುಸ್ತಿಯ ರೆಫರಿಯಾಗುತ್ತಿದ್ದೆ. ಅಲ್ಲಿ ಒಂದು ಕುಸ್ತಿ ಕಂಪನಿ ಇತ್ತು. ಈಗ ಅದೂ ಇಲ್ಲ, ಆ ಮೈದಾನವೂ ಇಲ್ಲ. ಅದರ ಹೆಸರಾಗಲಿ, ಅದರಲ್ಲಿದ್ದವರ ಹೆಸರಾಗಲಿ ನಾನು ಬರೆಯುವುದಿಲ್ಲ. ತಪ್ಪು ನನ್ನದು, ಅವರನ್ನು ಯಾಕೆ ಎಳೆದು ತರಲಿ.

ಟಿಕೆಟ್ ತೆಗೆದುಕೊಂಡು ಬಂದ ಜನಕ್ಕೆ ಅದು ನಿಜವಾದ ಜಿದ್ದು. ನಮಗೆ ಯಾರು ಗೆಲ್ಲಬೇಕು, ಹೇಗೆ ಗೆಲ್ಲಬೇಕು ಎಂಬುದು ಮಧ್ಯಾಹ್ನ ಊಟದ ಹೊತ್ತಿಗೇ ಗೊತ್ತಿರುತ್ತಿತ್ತು. ಮೊದಲೇ ಮಾತಾಡಿಕೊಂಡು ಆಡುವ ಇಂಥದ್ದಕ್ಕೆ ನಮ್ಮ ಕಡೆಯವರು ನೂರಾ ಕುಸ್ತಿ ಎಂದು ಹೇಳಿ ನಗುತ್ತಾರೆ. ನಗುವವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ನೂರು ಕಿಲೋ ಆಳನ್ನು ತಲೆಯ ಮೇಲೆತ್ತಿ ಒಗೆಯಬೇಕಾದರೆ ಎತ್ತುವವನ ಬಲ ಅರ್ಧ, ಎತ್ತಿಸಿಕೊಳ್ಳುವವನ ಜಿಗಿತ ಅರ್ಧ. ಅವನು ಸರಿಯಾದ ಹೊತ್ತಿಗೆ ಜಿಗಿಯಬೇಕು, ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ಬೆನ್ನು ಅಗಲ ಮಾಡಿಕೊಂಡು ಬೀಳಬೇಕು. ಎತ್ತುವುದು ಒಬ್ಬನಿಗೆ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿರದಿದ್ದರೆ ಮೂಳೆ ಮುರಿಯುತ್ತದೆ.

ಇಬ್ಬರಿಗೂ ಗೊತ್ತಾಗುವಂತೆ ಮಾಡುವುದೇ ನನ್ನ ಕೆಲಸ. ಮೈದಾನದ ಹಿಂದೆ ಎರಡು ಕೋಣೆಗಳಿದ್ದವು. ಒಂದು ಜನ ಚಪ್ಪಾಳೆ ತಟ್ಟುವವರದು, ಇನ್ನೊಂದು ಜನ ಬೈಯುವವರದು. ಜನ ಬರತೊಡಗಿದ ಮೇಲೆ ಈ ಕೋಣೆಯವರು ಆ ಕೋಣೆಯವರ ಜೊತೆ ಮಾತಾಡುವಂತಿರಲಿಲ್ಲ. ದೊಡ್ಡ ಕುಸ್ತಿ ಇದ್ದರೆ ಆ ಜೋಡಿ ಎಂಟು ದಿನ ಮೊದಲಿನಿಂದ ಒಟ್ಟಿಗೆ ಚಹಾ ಸಹ ಕುಡಿಯುವಂತಿರಲಿಲ್ಲ. ಯಾರಾದರೂ ನೋಡಿದರೆ ಆಟ ಕೆಟ್ಟಿತು. ಎರಡೂ ಕೋಣೆಗೆ ಹೋಗುವ ಹಕ್ಕಿದ್ದವನು ರೆಫರಿ ಒಬ್ಬನೇ. ಇಲ್ಲಿ ಹೇಳಿದ್ದನ್ನೇ ಅಲ್ಲಿಯೂ ಹೇಳಬೇಕು. ಹನ್ನೆರಡು ವರ್ಷ ಹಾಗೆಯೇ ಹೇಳಿದೆ. ಪೈಲ್ವಾನರು ನನ್ನ ಮಾತನ್ನು ನಂಬಿ ತಮ್ಮ ಕತ್ತನ್ನು ಇನ್ನೊಬ್ಬರ ಕೈಗೆ ಕೊಡುತ್ತಿದ್ದರು.

ನನ್ನನ್ನು ಆ ಕಂಪನಿಗೆ ಕರೆತಂದವರು ಕುಸ್ತಿ ಕಲಿಸುವ ಗುರು, ಎಲ್ಲರಿಗೂ ವಸ್ತಾದರು. ವಿಜಾಪುರ ಕಡೆಯ ಗರಡಿಯಲ್ಲಿ ಬೆಳೆದವರು, ಐವತ್ತು ದಾಟಿದ ಮೇಲೂ ಜನ ಅವರಿಗಾಗಿಯೇ ಬರುತ್ತಿದ್ದರು. ಬೇಗಂಪೇಟೆ ಸ್ಟೇಷನ್ನಿನಲ್ಲಿ ನಾನು ಯಾರ ಜೊತೆಗೋ ಕನ್ನಡ ಮಾತಾಡುವುದನ್ನು ಕೇಳಿ, "ಯಾವೂರ್ರಿ ಮಾಸ್ತರ್ರ?" ಎಂದು ಹಿಂದಿನಿಂದ ಹೆಗಲ ಮೇಲೆ ಕೈಯಿಟ್ಟಿದ್ದರು. ನಾನು ಮಾಸ್ತರನಲ್ಲ ಎಂದೆ. "ಸಾಲಿ ಕಲಿತಾಂವ ಅಂತ ಮುಖಾನ ಹೇಳತೈತಿ, ಬಿಡ್ರಿ" ಎಂದರು. ಅಂದಿನಿಂದ ಕಂಪನಿಯಲ್ಲಿ ಎಲ್ಲರಿಗೂ ನಾನು ಮಾಸ್ತರ.

ಕಂಪನಿಯ ಮಾಲೀಕ ಸೇಠ್‌ಜಿ. ಆದರೆ ಕಂಪನಿ ನಡೆಯುತ್ತಿದ್ದದ್ದು ವಸ್ತಾದರ ಕೈಯ ಸೀಮೆಸುಣ್ಣದಿಂದ. ಕೋಣೆಗಳ ನಡುವಿನ ಗೋಡೆಗೆ ಒಂದು ಕರಿಹಲಗೆ ತೂಗುಹಾಕಿತ್ತು. ಯಾರ ಜೊತೆ ಯಾರು, ಯಾರು ಮೇಲೆ, ಯಾರು ಕೆಳಗೆ ಎಂದು ವಸ್ತಾದರು ಅದರ ಮೇಲೆ ತಮ್ಮ ವಕ್ರ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಅದಕ್ಕೆ ಜೋಡಿ ಕಟ್ಟುವುದು ಎನ್ನುತ್ತಿದ್ದೆವು. ಹಲಗೆಯ ಮೇಲೆ ಒಮ್ಮೆ ಬಿದ್ದದ್ದನ್ನು ಸೇಠ್‌ಜಿಯೂ ಅಳಿಸುತ್ತಿರಲಿಲ್ಲ.

ಆ ಹಲಗೆಯ ಮೇಲೆ ನನಗೆ ಯಾವಾಗ ಆಸೆ ಹುಟ್ಟಿತೋ ಹೇಳಲಾರೆ. ಒಂದು ಭಾನುವಾರ ವಸ್ತಾದರು ಬರುವುದು ತಡವಾಯಿತು. ಹಲಗೆ ಖಾಲಿ ಇತ್ತು. ನಾನೇ ದುಂಡಗೆ ಐದು ಜೋಡಿ ಬರೆದೆ. ನನಗೆ ಎಲ್ಲ ಗೊತ್ತು ಎಂಬ ಧೈರ್ಯ.

ಅವರು ಬಂದು ಓದಿದರು. "ಯಾರ ಬರದದ್ದಿದು?"

"ನಾನರಿ."

ಸಿಟ್ಟಿಗೆದ್ದಿದ್ದರೆ ಚೆನ್ನಾಗಿತ್ತು. ಅವರು ನಕ್ಕರು. "ಮಾಸ್ತರ್ರ, ಮೂರನೇ ಜೋಡಿ ನೋಡ್ರಿ. ಇವನ ಮೊಣಕಾಲು ಕುಂಬಳಕಾಯಿ ಆಗೇತಿ. ಅಂವಗ ಕಾಲು ಹಿಡಿಯೂದು ಬಿಟ್ರ ಬ್ಯಾರೆ ಏನೂ ಬರಂಗಿಲ್ಲ. ನಾಳಿಗೆ ದವಾಖಾನಿಗೆ ನೀವ ಹೊತ್ಕೊಂಡು ಹೋಗಾವ್ರೇನು?"

ಹತ್ತು ಹನ್ನೆರಡು ಪೈಲ್ವಾನರು ಒಮ್ಮೆಲೇ ನಕ್ಕರು. ವಸ್ತಾದರು ಅಂಗೈಯಿಂದ ಹಲಗೆ ಒರೆಸುತ್ತ, "ಮಣ್ಣಾಗ ಬಿದ್ದು ಏಳಲಾರದಾಂವ ಜೋಡಿ ಕಟ್ಟಬಾರದ್ರಿ. ನೀವು ಸೀಟಿ ಊದ್ರಿ. ಅದನ್ನ ಭಾಳ ಛಲೋ ಊದ್ತೀರಿ" ಎಂದರು.

ಅವರು ಹೇಳಿದ್ದು ಸರಿಯಾಗಿತ್ತು. ಆಗಲೇ ಸರಿ ಅನ್ನಿಸಿತ್ತು. ಅದೇ ನನಗೆ ಸಹಿಸಲಾಗಲಿಲ್ಲ.

ಅದು ಮನೆಮನೆಗೂ ಟೀವಿ ಬರುತ್ತಿದ್ದ ಕಾಲ. ಭಾನುವಾರ ಜನ ಮನೆಯಲ್ಲೇ ಕೂರತೊಡಗಿದ್ದರು. ತಗಡಿನ ಬೇಲಿಯೊಳಗೆ ಹಿಂದಿನ ಸಾಲುಗಳು ಖಾಲಿಯಾದವು, ಆಮೇಲೆ ನಡುವಿನ ಸಾಲುಗಳು. ಆಗ ಸೇಠ್‌ಜಿ ತಮ್ಮ ಭಾವಮೈದುನನನ್ನು ಕಂಪನಿಯೊಳಗೆ ಬಿಟ್ಟರು. ಸಿನಿಮಾ ಟಾಕೀಸು ನಡೆಸಿ ಅನುಭವವಿದ್ದ ಮನುಷ್ಯ. ಮುಖಕ್ಕೆ ಮುಸುಕು ಹಾಕಿದ ಪೈಲ್ವಾನರು ಬೇಕು, ಕುರ್ಚಿಯಿಂದ ಹೊಡೆದಾಡಬೇಕು ಎಂದ. ವಸ್ತಾದರು ಎಲ್ಲರೆದುರೇ, "ಖುರ್ಚಿಲೆ ಹೊಡ್ಯೂದು ಕುಸ್ತಿ ಅಲ್ಲ, ಅದು ಮದಿವಿ ಮನ್ಯಾಗ ಬೀಗರ ಜಗಳ" ಎಂದುಬಿಟ್ಟರು. ಪೈಲ್ವಾನರೆಲ್ಲ ವಸ್ತಾದರ ಕಡೆ. ಸೇಠ್‌ಜಿ ಇಬ್ಬರ ಮುಖವನ್ನೂ ನೋಡಿ ಗಲ್ಲಾಪೆಟ್ಟಿಗೆ ಎತ್ತಿಕೊಂಡು ಹೊರಟರು. ಭಾವಮೈದುನ ಆ ದಿನವೇ ಹಲಗೆಯ ಕಡೆ ಕಣ್ಣಿಟ್ಟ.

ವಸ್ತಾದರಿಗೆ ಒಬ್ಬ ಶಿಷ್ಯನಿದ್ದ. ಬೀದರ ರಸ್ತೆಯ ಒಂದು ಊರಿನವನು, ಆಗ ಇಪ್ಪತ್ತಾರು ವಯಸ್ಸಿರಬಹುದು. ವಸ್ತಾದರ ಮನೆಯಲ್ಲೇ ಉಂಡು ಬೆಳೆದವನು. ಅವನನ್ನು ಬೈಸಿಕೊಳ್ಳುವ ಕೋಣೆಗೆ ಹಾಕಿದ್ದು ವಸ್ತಾದರೇ. "ಬೈಸ್ಕೊಳ್ಳೂದು ಕಲಿ ಮಗನ. ಚಪ್ಪಾಳಿ ಆಮ್ಯಾಲ ತಾನ ಬರತಾವ" ಎನ್ನುತ್ತಿದ್ದರು. ಅವನು ಕರಿ ಚಡ್ಡಿ ತೊಟ್ಟು ರಿಂಗಿಗೆ ಬಂದರೆ ಹೆಂಗಸರು ಸಹ ಶೇಂಗಾ ಸಿಪ್ಪೆ ತೂರುತ್ತಿದ್ದರು. ಆಟ ಮುಗಿಸಿ ಮನೆ ಸೇರಿದ ಮೇಲೆ ಅದೇ ಹುಡುಗ ವಸ್ತಾದರ ಬೆನ್ನಿಗೆ ಎಣ್ಣೆ ತಿಕ್ಕುತ್ತ ಕೂತಿರುತ್ತಿದ್ದ. ಇವರಿಬ್ಬರು ಒಂದಾಗಿರುವ ತನಕ ಕಂಪನಿಯಲ್ಲಿ ಬೇರೆ ಯಾರ ಮಾತೂ ನಡೆಯುವಂತಿರಲಿಲ್ಲ.

ವಸ್ತಾದರು ರಿಂಗು ಬಿಡುವುದೆಂದು ನಿಶ್ಚಯಿಸಿದರು. ಬಿಡುವುದಕ್ಕೆ ಒಂದೇ ಶರತ್ತು. ಕೊನೆಯ ಕುಸ್ತಿ ಶಿಷ್ಯನ ಜೊತೆ, ಅದು ಯಾರೂ ಸೋಲದೆ ಬರಾಬರಿಯಲ್ಲಿ ಮುಗಿಯಬೇಕು. ಆಮೇಲೆ ಜನರೆದುರು ತಮ್ಮ ಕೆಂಪು ರುಮಾಲನ್ನು ತಾವೇ ಶಿಷ್ಯನ ತಲೆಗೆ ಸುತ್ತಬೇಕು. ಆ ರುಮಾಲನ್ನು ಅವರಿಗೆ ಅವರ ವಸ್ತಾದರು ಹಾಗೆಯೇ ಸುತ್ತಿದ್ದರಂತೆ. "ಹುಡುಗ ನನ್ನ ಚಿತ್ ಮಾಡಿ ಕಸಗೊಂಡ ಅಂತ ಆಗಬಾರದ್ರಿ ಸೇಠ್‌ಜಿ. ನಾ ಕೊಟ್ಟೆ ಅಂತ ಆಗಬೇಕು. ಇಷ್ಟ ನನ್ನ ಆಸೆ" ಎಂದರು. ಸೇಠ್‌ಜಿ ಕೈಮೇಲೆ ಕೈಯಿಟ್ಟು ಒಪ್ಪಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಎರಡು ದಿನದ ಮೇಲೆ ಭಾವಮೈದುನ ಕಾರ್ಖಾನೆಯ ಗೇಟಿಗೇ ಬಂದು ನನ್ನನ್ನು ಇರಾನಿ ಹೋಟೆಲಿಗೆ ಕರೆದೊಯ್ದ. ಬಿಸ್ಕೀಟನ್ನು ಚಹಾದಲ್ಲಿ ಅದ್ದುತ್ತ ನಿಧಾನವಾಗಿ ಹೇಳಿದ. ಮುದುಕ ರಿಂಗು ಬಿಡುತ್ತಾನೆ, ಹಲಗೆ ಬಿಡುವುದಿಲ್ಲ. ತಲೆಗೆ ರುಮಾಲು ಸುತ್ತಿಸಿಕೊಂಡ ಹುಡುಗ ನಾಳೆ ಅವನ ಮಾತನ್ನೇ ಕೇಳುತ್ತಾನೆ. ಅದೇ ಹುಡುಗ ಎಲ್ಲರೆದುರು ಮುದುಕನನ್ನು ಎತ್ತಿ ಒಗೆದು ಚಿತ್ ಮಾಡಿದರೆ ಇಬ್ಬರೂ ಜನ್ಮದಲ್ಲಿ ಒಂದಾಗುವುದಿಲ್ಲ. ಒಂದು ಕೋಣೆಗೆ ಬರಾಬರಿ ಎನ್ನು, ಇನ್ನೊಂದು ಕೋಣೆಗೆ ಚಿತ್ ಎನ್ನು. ಇಷ್ಟು ಹೇಳಿ, "ಬೋರ್ಡ್ ತುಮ್ಹಾರಾ, ಮಾಸ್ಟರ್" ಎಂದ. ಹಲಗೆ ನಿನ್ನದು.

ಪೆಟ್ಟಾದರೆ ಎಂದು ಕೇಳಿದೆ. ಹಳೆ ಪೈಲ್ವಾನ, ಬೀಳುವುದು ಗೊತ್ತಿರುವುದಿಲ್ಲವೇ ಎಂದ. ಬೀಳುವುದು ಗೊತ್ತಿರಬೇಕಾದರೆ ಎತ್ತುವುದು ಗೊತ್ತಿರಬೇಕು. ಇದು ಆ ಟಾಕೀಸಿನವನಿಗೆ ತಿಳಿಯದಿರಬಹುದು. ನನಗೆ ತಿಳಿದಿತ್ತು. ಚಹಾ ಕುಡಿದು ಮುಗಿಸಿದೆ.

ಆ ಭಾನುವಾರ ತಗಡಿನ ಬೇಲಿಯೊಳಗೆ ಬಹಳ ದಿನದ ಮೇಲೆ ಜನ ತುಂಬಿದ್ದರು. ಮೊದಲು ವಸ್ತಾದರ ಕೋಣೆಗೆ ಹೋದೆ. ಅವರು ರುಮಾಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದರು.

"ಬರಾಬರಿನ ಹೌದಲ್ರಿ ಮಾಸ್ತರ್ರ?"

"ಹೌದ್ರಿ. ಇಪ್ಪತ್ತು ಮಿನಿಟಿಗೆ ಸೀಟಿ ಊದ್ತೀನಿ."

"ಅಂವ ಊಟ ಮಾಡ್ಯಾನೇನು? ಎಂಟು ದಿನ ಆತು, ಮಾರಿ ನೋಡಿಲ್ಲ. ಒಬ್ಬನ ಇದ್ರ ಉಣ್ಣೂದಿಲ್ಲ ಹುಚ್ಚ."

ಉಂಡಿದ್ದಾನೆ ಎಂದೆ. ಅಲ್ಲಿಂದ ಶಿಷ್ಯನ ಕೋಣೆಗೆ ಹೋದೆ. ಹದಿನೈದನೇ ಮಿನಿಟಿಗೆ ಎತ್ತಿ ಒಗೆದು ಚಿತ್ ಮಾಡಬೇಕು ಎಂದೆ. ಅವನು ಕೈಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದವನು ನಿಲ್ಲಿಸಿದ.

"ವಸ್ತಾದ್ರು ಬರಾಬರಿ ಅಂದಿದ್ರಲ್ರಿ?"

"ಬದಲಿ ಆಗೇತಿ."

"ಒಪ್ಯಾರ?"

"ಒಪ್ಯಾರ."

ಅವನು ನನ್ನ ಮುಖವನ್ನೇ ನೋಡಿದ. ನಂಬಿಕೆ ಇನ್ನೂ ಪೂರ್ತಿ ಬಂದಿರಲಿಲ್ಲ. ಆಗ ನಾನು ಹೇಳಿದೆ: "ಅವರ ಹೇಳಿ ಕಳಿಸ್ಯಾರ. ಮುದಿ ಜೀವ, ರಿಂಗಿನಾಗ ಮನಸು ತಡೀಲಾರದ ಬ್ಯಾಡ ಅಂದೇನು. ನಾ ಬ್ಯಾಡ ಅಂದ್ರೂ ಎತ್ತು ಅಂತ ಅವಂಗ ಹೇಳ್ರಿ ಅಂದಾರ."

ಈ ಕೊನೆಯ ಮಾತನ್ನು ಭಾವಮೈದುನ ಹೇಳಿಕೊಟ್ಟಿರಲಿಲ್ಲ. ಅದು ನನ್ನದೇ ತಲೆಯಿಂದ ಬಂದದ್ದು. ಇಷ್ಟು ವರ್ಷ ಎಲ್ಲ ತಪ್ಪನ್ನೂ ಅವನ ಮೇಲೆ ಹೊರಿಸಿ ನಿದ್ದೆ ಮಾಡಲು ನೋಡಿದ್ದೇನೆ. ಪ್ರತಿ ಸಲ ಈ ಒಂದು ಮಾತಿಗೆ ಬಂದು ಎಚ್ಚರವಾಗುತ್ತದೆ.

ಹುಡುಗನ ಕಣ್ಣು ತುಂಬಿತು. "ಹಂಗಂದ್ರ ಅವರು?" ಎಂದ. ಆಮೇಲೆ ಮತ್ತೆ ಪಟ್ಟಿ ಸುತ್ತಿಕೊಳ್ಳತೊಡಗಿದ.

ಹದಿನಾಲ್ಕು ಮಿನಿಟಿನವರೆಗೆ ಅವರು ಆಡಿದಂಥ ಕುಸ್ತಿಯನ್ನು ನಾನು ನೋಡಿರಲಿಲ್ಲ. ವಿಮಾನವೊಂದು ಇಳಿಯಲು ತಲೆಯ ಮೇಲೇ ಹೋಯಿತು. ಯಾವಾಗಲೂ ಮೇಲೆ ನೋಡುವ ಜನ ಅಂದು ನೋಡಲಿಲ್ಲ. ಹದಿನೈದಕ್ಕೆ ಶಿಷ್ಯ ಸೊಂಟಕ್ಕೆ ಕೈ ಹಾಕಿದ. "ಈಗ್ರಿ ವಸ್ತಾದ್ರ" ಎಂದ. ಅವರಿಗೆ ಅರ್ಥವಾಗಲಿಲ್ಲ. ಕಾಲು ನೆಲ ಬಿಟ್ಟಾಗ ಅರ್ಥವಾಯಿತು. "ಬ್ಯಾಡೋ ಮಗನ, ಬ್ಯಾಡ" ಎಂದರು. ಮೆಲ್ಲಗೆ, ಮನೆಯಲ್ಲಿ ಹೇಳಿದ ಹಾಗೆ. ನಾನು ಒಂದು ಮೊಳ ದೂರದಲ್ಲಿದ್ದೆ. ಸೀಟಿ ತುಟಿಯಲ್ಲೇ ಇತ್ತು. ಒಂದು ಸಲ ಊದಿದ್ದರೆ ಹುಡುಗ ಇಳಿಸುತ್ತಿದ್ದ.

ಊದಲಿಲ್ಲ.

ಅವರು ಜಿಗಿಯಲಿಲ್ಲ, ಇಡೀ ಭಾರ ಕೆಳಗೆ ಬಿಟ್ಟರು. ಹುಡುಗ ತನ್ನ ಬಲದಿಂದಲೇ ಎತ್ತಿದ. ಅರ್ಧಕ್ಕೆ ಕೈ ಸೋತಿತು. ವಸ್ತಾದರು ಕತ್ತು ಮತ್ತು ಬಲಭುಜ ಕೆಳಗಾಗಿ ಬಿದ್ದರು. ನಾನು ಮಂಡಿಯೂರಿ ನೆಲ ತಟ್ಟಿ ಎಣಿಸಿದೆ. ಒಂದು, ಎರಡು, ಮೂರು. ಅವರು ಕಣ್ಣು ತೆರೆದು ನನ್ನ ಕೈಯನ್ನು ನೋಡುತ್ತಿದ್ದರು.

ಜೀವ ಉಳಿಯಿತು. ಬಲಗೈ ಹೋಯಿತು. ಆಸ್ಪತ್ರೆಗೆ ಶಿಷ್ಯ ಬಂದಾಗ ವಸ್ತಾದರು ಗೋಡೆಯ ಕಡೆ ಹೊರಳಿದರು. ಅವನು ಮಂಚದ ಕಾಲ ಬಳಿ ಸ್ವಲ್ಪ ಹೊತ್ತು ನಿಂತು ಹೊರಗೆ ಬಂದ. ವರಾಂಡದಲ್ಲಿ ನನ್ನ ತೋಳು ಹಿಡಿದುಕೊಂಡ.

"ಖರೇ ಹೇಳ್ರಿ ಮಾಸ್ತರ್ರ. ಅವರ ಹೇಳಿ ಕಳಿಸಿದ್ದು ಹೌದಲ್ಲೋ?"

"ಹೌದಪ್ಪ."

"ಮತ್ತ ಯಾಕ ಭಾರ ಬಿಟ್ರು? ಒಪ್ಕೊಂಡು ಕಡೀಕ ಹೊಟ್ಟಿಕಿಚ್ಚು ಬಂತೇನ್ರಿ ಅವರಿಗೆ? ನನ್ನ ಕೊಲೆಗಡುಕ ಮಾಡಿ ಮಲಗ್ಯಾರ ನೋಡ್ರಿ."

ಒಳಗೆ ಮಲಗಿದ್ದವರು, ಬೇಡ ಎಂದರೂ ಗೆದ್ದೇ ರುಮಾಲು ಕಸಿದುಕೊಳ್ಳುವ ಆಸೆಗೆ ಹುಡುಗ ಎತ್ತಿ ಒಗೆದ ಎಂದು ತಿಳಿದಿದ್ದರು. ಹೊರಗೆ ನಿಂತವನು, ಗುರು ಒಪ್ಪಿಕೊಂಡು ಮೋಸ ಮಾಡಿದ ಎಂದು ತಿಳಿದಿದ್ದ. ನಡುವೆ ಒಂದು ಬಾಗಿಲು, ಬಾಗಿಲಲ್ಲಿ ನಾನು.

ಹಲಗೆ ನನಗೆ ಸಿಕ್ಕಿತು. ಐದು ಭಾನುವಾರ ಬರೆದೆ. ನಾನು ಮಾತು ಒಯ್ದರೆ ಪೈಲ್ವಾನರು, "ಆ ಕೋಣ್ಯಾಗ ಏನ ಹೇಳಿ ಬಂದ್ರಿ?" ಎಂದು ಕೇಳತೊಡಗಿದರು. ಶಿಷ್ಯ ಯಾರಿಗೂ ಏನೂ ಹೇಳಿಕೊಳ್ಳದೆ ಊರು ಬಿಟ್ಟಿದ್ದ, ಅವರಿಗೆ ನನ್ನ ಮೇಲೆ ಸಂಶಯವಿರಲಿಲ್ಲ. ಮಗನಂಥವನೇ ಹೀಗೆ ಮಾಡಿದ ಮೇಲೆ ಯಾರನ್ನು ನಂಬುವುದು ಎಂಬ ಹೆದರಿಕೆ. ಎತ್ತಿಸಿಕೊಳ್ಳಲು ಯಾರೂ ತಯಾರಿರಲಿಲ್ಲ. ಹಿಡಿದುಕೊಂಡು ಸುಮ್ಮನೆ ಸುತ್ತುವ ಕುಸ್ತಿಯನ್ನು ಯಾರು ನೋಡುತ್ತಾರೆ? ಆರನೇ ಭಾನುವಾರ ಮೈದಾನಕ್ಕೆ ಹೋದರೆ ಭಾವಮೈದುನ ತಗಡು ಬಿಚ್ಚಿಸುತ್ತಿದ್ದ. ಶಿಷ್ಯನಿಗೆ ಯಾವ ಊರಿನ ಕಂಪನಿಯಲ್ಲೂ ಜೋಡಿ ಸಿಗಲಿಲ್ಲ. ಗುರುವಿನ ಕೈ ಮುರಿದವನು ಎಂಬ ಮಾತು ಅವನಿಗಿಂತ ಮುಂಚೆ ಊರು ಸೇರುತ್ತಿತ್ತು.

ವಸ್ತಾದರು ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಮಗಳ ಮನೆಯಲ್ಲಿದ್ದರು. ಒಂದೇ ಕೈಯಲ್ಲಿ ರುಮಾಲು ಸುತ್ತಿಕೊಳ್ಳಲಾಗದು. ಬೋಳು ತಲೆಯಲ್ಲಿ ಹೊರಗೆ ಕಾಲಿಡಲು ಅವರಿಗೆ ಮನಸ್ಸಿಲ್ಲ. ಮಗಳಿಗೆ ಸುತ್ತಲು ಬರದು, ಅಳಿಯನಿಗೆ ಪುರುಸೊತ್ತಿಲ್ಲ. ಹಾಗಾಗಿ ಪ್ರತಿ ಭಾನುವಾರ ಬೆಳಿಗ್ಗೆ ನಾನು ಹೋಗುತ್ತಿದ್ದೆ. "ಬಲಕ್ಕ ತಗೋರಿ. ಹಾಂ. ಬಿಗಿ ಮಾಡಬ್ಯಾಡ್ರಿ, ತಲಿ ಐತಿ, ಗಡಿಗಿ ಅಲ್ಲ" ಎಂದು ಅವರೇ ಕಲಿಸಿದರು. ಸುತ್ತಿದ ಮೇಲೆ ಸ್ಟೇಷನ್ನಿನ ಬೆಂಚಿನವರೆಗೆ ನಡೆಸಿಕೊಂಡು ಹೋಗುತ್ತಿದ್ದೆ. ಒಂಬತ್ತು ವರ್ಷ. ಓಣಿಯವರು ನನ್ನನ್ನು ದೊಡ್ಡ ಮನುಷ್ಯ ಎಂದುಕೊಂಡಿದ್ದರು.

ಒಂದು ಭಾನುವಾರ ಅರ್ಧ ಸುತ್ತಿದ್ದೆ. ಅವರು ಇದ್ದಕ್ಕಿದ್ದಂತೆ ಕೇಳಿದರು.

"ಮಾಸ್ತರ್ರ, ಅವತ್ತು ಅವನ ಕೋಣಿಗೆ ನೀವ ಹೋಗಿದ್ರಿ. ಬರಾಬರಿ ಅಂತನ ಹೇಳಿದ್ರಿ ಹೌದಲ್ಲೋ?"

ನನ್ನ ಎರಡೂ ಕೈ ಅವರ ತಲೆಯ ಮೇಲಿದ್ದವು. ಅವರಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ದೇವರೇ ಒದಗಿಸಿಕೊಡುವುದು ಸಾಧ್ಯವಿರಲಿಲ್ಲ.

"ಹೌದ್ರಿ" ಎಂದೆ.

"ಹೇಳೇ ಇರ್ತೀರಿ. ನಿಮ್ಮ ಮ್ಯಾಲ ಸಂಶೇ ಇಲ್ಲ ನನಗ. ಸುಮ್ನ ಕೇಳ್ದೆ." ಆಮೇಲೆ, "ನಿಮ್ಮಿಂದ ತಪ್ಪಾಗಿದ್ರ ಛಲೋ ಇತ್ತು ನೋಡ್ರಿ. ಆ ಹುಡುಗ ನನಗ ತಿರುಗಿ ಸಿಗ್ತಿದ್ದ" ಎಂದರು.

ಉಳಿದ ಅರ್ಧ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ, ಕನ್ನಡಿ ಹಿಡಿದು ತೋರಿಸಿದೆ.

ಆ ವರ್ಷವೇ ಅವರು ಹೋದರು. ಮೂರನೇ ದಿನ ಮಗಳು ರುಮಾಲನ್ನು ತಂದು ನನ್ನ ಕೈಯಲ್ಲಿಟ್ಟಳು. "ಅಪ್ಪ ನಿಮಗ ಕೊಡು ಅಂದಾನ್ರಿ ಕಾಕಾ. ಇಷ್ಟು ವರ್ಷ ಸುತ್ತಿದ ಕೈಗೇ ಇರಲಿ ಅಂದ." ಒಲ್ಲೆ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ತೆಗೆದುಕೊಂಡೆ.

ಅದು ನನ್ನ ಟ್ರಂಕಿನಲ್ಲಿ ಬಹಳ ವರ್ಷ ಇತ್ತು. ನಿವೃತ್ತನಾದೆ, ಹೆಂಡತಿ ತೀರಿಕೊಂಡಳು. ಹೋದ ವರ್ಷ ಹಳೆಯ ಪೈಲ್ವಾನನೊಬ್ಬ ಸಿಕ್ಕು, ಶಿಷ್ಯ ಗಚ್ಚಿಬೌಲಿಯ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್ ಆಗಿದ್ದಾನೆಂದು ಹೇಳಿದ. ರುಮಾಲನ್ನು ಚೀಲದಲ್ಲಿಟ್ಟುಕೊಂಡು ಎರಡು ಬಸ್ಸು ಬದಲಿಸಿ ಹೋದೆ. ಮಧ್ಯಾಹ್ನದ ಬಿಸಿಲು. ನೀಲಿ ಸಮವಸ್ತ್ರದಲ್ಲಿ ಅವನ ಹೊಟ್ಟೆ ಮುಂದೆ ಬಂದಿತ್ತು, ಮೀಸೆ ಬೆಳ್ಳಗಾಗಿತ್ತು. ಕಾರು ಬಂದಾಗಲೆಲ್ಲ ಅಡ್ಡಕಂಬವನ್ನು ಎತ್ತಿ ಇಳಿಸುತ್ತಿದ್ದ.

ಗುರುತು ಹಿಡಿದು, "ಅಯ್ಯ ಮಾಸ್ತರ್ರ!" ಎಂದು ಕಾಲು ಮುಟ್ಟಲು ಬಂದ. ಬೇಡ ಎಂದು ಹಿಂದೆ ಸರಿದೆ. ಕುರ್ಚಿ ಕೊಟ್ಟ, ನೀರು ಕೊಟ್ಟ. ನಾನು ಕೂರದೆ ನಿಂತೇ ಎಲ್ಲವನ್ನೂ ಹೇಳಿದೆ. ಇರಾನಿ ಹೋಟೆಲು, ಹಲಗೆ, ಎರಡು ಕೋಣೆ, ನಾನೇ ಸೇರಿಸಿದ ಮಾತು, ಊದದ ಸೀಟಿ, ಆಸ್ಪತ್ರೆಯ ವರಾಂಡ, ಭಾನುವಾರ ಭಾನುವಾರ ರುಮಾಲು ಸುತ್ತಿದ ಒಂಬತ್ತು ವರ್ಷ. ನಡುವೆ ಮೂರು ಕಾರು ಬಂದವು. ಮೂರಕ್ಕೂ ಅವನು ಹೋಗಿ ಕಂಬ ಎತ್ತಿ ಬಂದ.

ಮುಗಿದ ಮೇಲೆ ಅವನು ಒಂದೇ ಕೇಳಿದ. "ವಸ್ತಾದ್ರ ಮುಂದ ಹೇಳಿದ್ರೇನು ಇದನ್ನ?"

"ಇಲ್ಲ."

"ಒಂಬತ್ತು ವರ್ಷ ಅವರ ಮನಿಗೆ ಹೋಗಿ, ಇಲ್ಲ?"

"ಇಲ್ಲಪ್ಪ."

ಹೊಡೆಯಲಿ ಎಂದು ಕಾದೆ. ಅವನು ಕುರ್ಚಿಯಲ್ಲಿ ಕೂತ. "ನೀವು ಬರಬಾರದಿತ್ರಿ" ಎಂದ. "ಮುದುಕ ನನಗ ಮೋಸ ಮಾಡಿದ ಅಂತ ಸಿಟ್ಟಿತ್ತು. ಆ ಸಿಟ್ಟಿನ ಮ್ಯಾಲ ಇಷ್ಟು ದಿನ ತಗದೀನಿ. ಅವರು ಸತ್ತ ಸುದ್ದಿ ಬಂದಾಗೂ ಹೋಗಲಿಲ್ಲ. ಮಣ್ಣ ಹಾಕಾಕ ಹೋಗಲಿಲ್ಲರಿ ನಾ. ಈಗ ಯಾರ ಕಾಲು ಹಿಡೀಲಿ, ಹೇಳ್ರಿ?"

ಚೀಲದಿಂದ ರುಮಾಲು ತೆಗೆದು ಚಾಚಿದೆ. ಅವನು ಅದನ್ನು ನೋಡಿದ, ಮುಟ್ಟಲಿಲ್ಲ.

"ಅದು ಅವರ ಕೈಲೆ ಬರಬೇಕಿತ್ರಿ. ನಿಮ್ಮ ಕೈಲೆ ಬ್ಯಾಡ."

ಹೊರಗೆ ಕಾರೊಂದು ಹಾರ್ನ್ ಹೊಡೆಯಿತು. ಅವನು ಎದ್ದು ಹೋದ. ಕಂಬ ಎತ್ತಿದ, ಕಾರು ಹೋಯಿತು, ಇಳಿಸಿದ. ತಿರುಗಿ ಬರಲಿಲ್ಲ. ಕಂಬವನ್ನು ಹಿಡಿದುಕೊಂಡು ರಸ್ತೆಯ ಕಡೆ ಮುಖ ಮಾಡಿ ನಿಂತ. ನಾನು ರುಮಾಲನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು, ಅವನ ಪಕ್ಕದಿಂದಲೇ ಹೊರಗೆ ಬಂದೆ. ಅವನು ನನ್ನ ಕಡೆ ನೋಡಲಿಲ್ಲ.

ರುಮಾಲು ಮತ್ತೆ ಟ್ರಂಕಿನಲ್ಲಿದೆ. ನಾನು ಸತ್ತ ಮೇಲೆ ಇದು ಯಾರದೆಂದು ಮನೆಯವರಿಗೆ ತಿಳಿಯದು. ಹಳೆಯ ಬಟ್ಟೆ ಎಂದು ಒರೆಸಲು ಹರಿದುಕೊಂಡಾರು. ಸತ್ಯ ಹೇಳಿದರೆ ಭಾರ ಇಳಿಯುತ್ತದೆ ಎಂದುಕೊಂಡು ಗಚ್ಚಿಬೌಲಿಗೆ ಹೋಗಿದ್ದೆ. ನನ್ನದು ಇಳಿಯಲಿಲ್ಲ. ಅಷ್ಟು ದಿನ ಸಿಟ್ಟಿನ ಆಸರೆಯಾದರೂ ಇದ್ದ ಮನುಷ್ಯನಿಂದ ಅದನ್ನು ಕಿತ್ತುಕೊಂಡು, ಅವನ ಮೇಲೂ ಭಾರ ಹೇರಿ ಬಂದೆ.